ಕ್ರಾಕೋವ್‌ನ ಯಹೂದಿ ಬೀದಿಗಳಿಗೆ ಗೈಡ್ ಬೇಕಾ?

ಪೋಲೆಂಡಿನ ಕ್ರಾಕೋವ್‌ಗೆ ಹೊರಟವರು ಅಲ್ಲಿನ ಹಳೆಯ ಯಹೂದಿ ಬಡಾವಣೆ ಕಾಜಿಮಿಯೆಜ್ ನೋಡಲು ಗೈಡನ್ನು ಇಲ್ಲಿಂದಲೇ ಗೊತ್ತು ಮಾಡಿಕೊಳ್ಳಿ. ಬೀದಿಯಲ್ಲಿ ಕರೆಯುವ ಬ್ಯಾಟರಿ ಗಾಡಿಗಳಿಗೆ ಸುಮ್ನೆ ಹತ್ತಬೇಡಿ. ಅವುಗಳಲ್ಲಿ ಹೆಚ್ಚಾಗಿ ರೆಕಾರ್ಡ್ ಮಾಡಿದ ಮಾತೇ ಕೇಳಿಸುತ್ತದೆ, ಪ್ರಶ್ನೆ ಕೇಳೋದು ಯಾರನ್ನ?

2014ರಿಂದ ಪೋಲೆಂಡಿನಲ್ಲಿ ನಗರದ ಗೈಡ್ ಆಗಲು ಲೈಸೆನ್ಸ್ ಬೇಕಿಲ್ಲ. ಹಾಗಾಗಿ ಪರೀಕ್ಷೆ ಮಾಡಬೇಕಾದವರು ನಾವೇ. ಅಲ್ಲಿನ ಗ್ಯಾಲಿಶಿಯಾ ಯಹೂದಿ ಮ್ಯೂಸಿಯಂಗೆ ಮೊದಲು ಇಮೇಲ್ ಬರೆದು ಗೈಡ್ ಬೇಕೆಂದು ಕೇಳಿ. ಗೈಡ್ ಸಿಕ್ಕ ಮೇಲೆ ಒಂದು ಪ್ರಶ್ನೆ ಕೇಳಿ ನೋಡಿ: ರೆಮು ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಪಕ್ಕದ ಸ್ಮಶಾನದ ಗೋಡೆಯ ಕಥೆ ಏನು? ಎರಡನೇ ಮಹಾಯುದ್ಧದಲ್ಲಿ ಒಡೆದುಹೋದ ಸಮಾಧಿ ಕಲ್ಲುಗಳ ಚೂರುಗಳನ್ನೇ ಜೋಡಿಸಿ ಕಟ್ಟಿದ ಗೋಡೆ ಅದು. ಹತ್ತಿರ ನಿಂತರೆ ಅರ್ಧ ಅಕ್ಷರ, ಮುರಿದ ಹೂವಿನ ಕೆತ್ತನೆ ಕಾಣುತ್ತವೆ. ಈ ಗೋಡೆ ಬಗ್ಗೆ ಮನಸ್ಸಿಟ್ಟು ಮಾತಾಡುವವರನ್ನು ನಂಬಬಹುದು. ನದಿಯಾಚೆ ಪೊಡ್‌ಗೂಜೆಗೂ ಕರೆದೊಯ್ಯುತ್ತಾರಾ ಕೇಳಿ. ಯುದ್ಧಕಾಲದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ ಘೆಟ್ಟೊ ಇದ್ದದ್ದು ಅಲ್ಲೇ, ಅದನ್ನು ಬಿಟ್ಟರೆ ಕಥೆ ಅರ್ಧವೇ ಅಲ್ವಾ?

ಶನಿವಾರ ಬೇಡ. ಅದು ಯಹೂದಿಗಳ ವಾರದ ವಿಶ್ರಾಂತಿ ದಿನ ಸಬ್ಬತ್, ಅವತ್ತು ರೆಮು ಪ್ರವಾಸಿಗಳಿಗೆ ತೆರೆದಿರುವುದಿಲ್ಲ. ಗಂಡಸರು ತಲೆಗೆ ಟೋಪಿ ಇಟ್ಟುಕೊಳ್ಳಿ.

ನಾಜಿಗಳ ಸಾವಿನ ಶಿಬಿರವಾಗಿದ್ದು ಈಗ ಸ್ಮಾರಕವಾಗಿರುವ ಆಶ್ವಿಟ್ಜ್‌ನದ್ದು ಬೇರೆ ಲೆಕ್ಕ. ಅಲ್ಲಿ ಒಳಗೆ ತೋರಿಸಿ ವಿವರಿಸುವವರು ಸ್ಮಾರಕದವರೇ ತರಬೇತಿ ಕೊಟ್ಟ ಗೈಡ್‌ಗಳು. ನಿಮ್ಮ ಕ್ರಾಕೋವ್ ಗೈಡ್ ಒಳಗೂ ತಾವೇ ತೋರಿಸುತ್ತೇವೆ ಎಂದರೆ ಮುಂಗಡ ಕೊಡಬೇಡಿ, ಸ್ಮಾರಕದ ವೆಬ್‌ಸೈಟಿನಲ್ಲೇ ಬುಕ್ ಮಾಡಿ. ಬೇಸಿಗೆಯಲ್ಲಿ ಜಾಗ ಬೇಗ ತುಂಬುತ್ತದೆ.