ರಾಜಹಂಸ ನೋಡಬೇಕೇ? ಮೊದಲು ಪಂಚಾಂಗ ತೆಗೆಯಿರಿ

ಮೊದಲ ಸಲ ಡೊಂಬಿವಲಿಯಿಂದ ಇಡೀ ಸಂಸಾರವನ್ನು ಹೊರಡಿಸಿಕೊಂಡು, ಚಟ್ನಿಪುಡಿ ಹಚ್ಚಿದ ಇಡ್ಲಿ ಡಬ್ಬಿ ಸಮೇತ ರಾಜಹಂಸ (ಫ್ಲೆಮಿಂಗೊ) ನೋಡಲು ಮುಂಬಯಿಯ ಶಿವಡಿ ಜೆಟ್ಟಿಗೆ ಹೋಗಿದ್ದೆ. ಎದುರಿಗಿದ್ದದ್ದು ಬರೀ ಕೆಸರು. ಕಣ್ಣು ಕಿರಿದು ಮಾಡಿ ನೋಡಿದರೆ ಆಚೆ ತುದಿಯಲ್ಲಿ ಒಂದು ಗುಲಾಬಿ ಗೆರೆ. ಹಕ್ಕಿಗಳು ಬಂದಿದ್ದವು, ನಾವು ಹೋದ ಹೊತ್ತು ತಪ್ಪಿತ್ತು.

ತಿಂಗಳ ಲೆಕ್ಕ ಸುಲಭ. ರಾಜಹಂಸಗಳು ನವೆಂಬರ್ ಸುಮಾರಿಗೆ ಬರತೊಡಗುತ್ತವೆ, ಮೇ ಕೊನೆಯವರೆಗೆ ಇರುತ್ತವೆ. ಬಿಸಿಲು ಏರುವ ಮೊದಲು, ಜನವರಿಯಿಂದ ಮಾರ್ಚ್‌ವರೆಗೆ ಹೋಗುವುದು ಹಿತ.

ಕಷ್ಟವಿರುವುದು ನೀರಿನ ಲೆಕ್ಕದಲ್ಲಿ. ಇಲ್ಲಿನ ಕೋಳಿ ಸಮುದಾಯದ ಮೀನುಗಾರರು ಭರತಿ, ಓಹೋಟಿ ಎನ್ನುವ ಭರತ-ಇಳಿತವೇ (ಸಮುದ್ರದ ನೀರು ಏರುವುದು, ಇಳಿಯುವುದು) ಹಕ್ಕಿಗಳ ಗಡಿಯಾರ. ನೀರು ಪೂರ್ತಿ ಇಳಿದಾಗ ಅವು ಮೇಯುತ್ತಾ ದೂರ ಹೋಗಿಬಿಡುತ್ತವೆ. ಏರುವ ನೀರು ಅವನ್ನು ದಡದತ್ತ ತಳ್ಳುತ್ತದೆ. ಹಾಗಾಗಿ ಭರತಕ್ಕೆ ಎರಡು-ಮೂರು ತಾಸು ಮೊದಲು, ಇಲ್ಲವೇ ಅಷ್ಟೇ ಹೊತ್ತು ನಂತರ ಅಲ್ಲಿರಬೇಕು. ಮುಂಬಯಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ಭರತ ಸುಮಾರು ನಡುಹಗಲಿಗೆ. ಆಮೇಲೆ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ತಡ. ಅಂದರೆ ಚೌತಿಗೆ ಮಧ್ಯಾಹ್ನ ಮೂರರ ಆಸುಪಾಸು, ದಶಮಿಗೆ, ದಿನಕ್ಕೆ ಎರಡು ಸಲ ಬರುವ ಭರತದಲ್ಲಿ ಮೊದಲನೆಯದು ಬೆಳಿಗ್ಗೆ ಎಂಟರ ಆಸುಪಾಸು. ದಿನ ಗೊತ್ತುಮಾಡಲು ಅಜ್ಜಿಯ ಪಂಚಾಂಗ ಸಾಕು. ಗಂಟೆ-ನಿಮಿಷಕ್ಕೆ ಮಾತ್ರ ಮೊಬೈಲಿನಲ್ಲಿ ಭರತದ ಪಟ್ಟಿ ನೋಡಿಕೊಳ್ಳಿ.

ಇನ್ನು ಬೆಳಕು. ಶಿವಡಿಯ ದಡ ಪೂರ್ವಕ್ಕೆ ಮುಖಮಾಡಿದೆ. ಬೆಳಿಗ್ಗೆ ಹೋದರೆ ಸೂರ್ಯ ನೇರ ಕಣ್ಣಿಗೆ, ಹಕ್ಕಿಗಳೆಲ್ಲ ಕರಿ ನೆರಳು. ಅಲ್ಲಿಗೆ ಚೌತಿ-ಪಂಚಮಿಯ ಸಂಜೆ ಸರಿ. ನವಿ ಮುಂಬಯಿಯ ಐರೋಳಿ ಖಾರಿಯ (ಒಳಕ್ಕೆ ಚಾಚಿದ ಸಮುದ್ರದ ತೋಳಿನ) ಆಚೆ ದಡದಲ್ಲಿರುವುದರಿಂದ ಅಲ್ಲಿ ಬೆಳಗ್ಗೆಯೇ ಒಳ್ಳೆಯದು. ಅರಣ್ಯ ಇಲಾಖೆಯ ದೋಣಿಯೂ ನೀರು ನೋಡಿಕೊಂಡೇ ಹೊರಡುತ್ತದೆ, ವೇಳೆ ವಿಚಾರಿಸಿ ಮುಂಗಡ ಕಾದಿರಿಸಿ. ಈ ಠಾಣೆ ಖಾರಿ 2015ರಿಂದ ಫ್ಲೆಮಿಂಗೊ ಅಭಯಾರಣ್ಯ, 2022ರಿಂದ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ.

ದುರ್ಬೀನು ಹಿಡಿದಾಗ ಮೊದಲು ಕೊಕ್ಕು ನೋಡಿ. ಗುಲಾಬಿ ಕೊಕ್ಕಿಗೆ ತುದಿಯಷ್ಟೇ ಕಪ್ಪಾದರೆ ದೊಡ್ಡ ರಾಜಹಂಸ, ಕೊಕ್ಕೆಲ್ಲ ಕಡುಗೆಂಪಾದರೆ ಚಿಕ್ಕದು. ಇಲ್ಲಿ ಚಿಕ್ಕವೇ ಹೆಚ್ಚು.

ಫೋಟೋಗೆ 400 ಮಿ.ಮೀ. ಲೆನ್ಸ್ ಇದ್ದರೆ ಸರಿ. ಇಲ್ಲದಿದ್ದರೆ ಒಂಟಿ ಹಕ್ಕಿಯ ಆಸೆ ಬಿಡಿ. ಹಿಂಡು, ಹಿಂದೆ ಕಟ್ಟಡಗಳು, ಇದೂ ಮುಂಬಯಿಯದೇ ಚಿತ್ರ. ಕಪ್ಪು ಕೆಸರು ಕಂಡರೆ ಕ್ಯಾಮೆರಾ ತಾನಾಗಿ ಬೆಳಕು ಹೆಚ್ಚಿಸಿ ಗುಲಾಬಿಯನ್ನು ಬಿಳಿಚಿಸುತ್ತದೆ, ಎಕ್ಸ್‌ಪೋಷರ್ (ಒಳಬರುವ ಬೆಳಕಿನ ಅಳತೆ) ಅರ್ಧ ಸ್ಟಾಪ್ ಇಳಿಸಿ. ನಿಂತ ಹಕ್ಕಿಗೆ ಶಟರ್ ವೇಗ 1/500 ಸೆಕೆಂಡು ಸಾಕು, ಹಾರುವುದಕ್ಕೆ 1/1600 ಬೇಕು.

ಚಪ್ಪಾಳೆ ತಟ್ಟಿ ಎಬ್ಬಿಸುವವರು ಪ್ರತಿ ಭಾನುವಾರ ಒಬ್ಬರಾದರೂ ಸಿಗುತ್ತಾರೆ. ಅವರ ಪಕ್ಕ ನಿಲ್ಲಬೇಡಿ. ನೀರು ಏರಿದಂತೆ ಹಕ್ಕಿಗಳು ತಾವೇ ಏಳುತ್ತವೆ. ಏಳುವ ಮುನ್ನ ಗಾಳಿಗೆ ಎದುರಾಗಿ ನೀರಿನ ಮೇಲೆ ನಾಲ್ಕಾರು ಹೆಜ್ಜೆ ಓಡುತ್ತವೆ. ಗಾಳಿ ಎತ್ತಣಿಂದ ಬೀಸುತ್ತಿದೆ ಎಂದು ನೋಡಿ, ಓಡಲಿರುವ ದಿಕ್ಕಿನಲ್ಲಿ ಚೌಕಟ್ಟಿಗೆ ಜಾಗ ಬಿಟ್ಟು, ಬೆರಳು ಗುಂಡಿಯ ಮೇಲಿಟ್ಟು ಕಾಯಿರಿ.