ಹೆಣೆದ ಮಫ್ಲರಿಗೆ ಕ್ರೋಶಾ ಅಂಚು

ಪುತ್ತರಿ ಹಬ್ಬ ಮುಗಿದು ಕಾಫಿ ಕೊಯ್ಲು ಶುರುವಾಯಿತೆಂದರೆ ಮಡಿಕೇರಿಯ ನಮ್ಮ ಮನೆಯಲ್ಲಿ ಸಂಜೆ ಆರಕ್ಕೇ ಬಾಗಿಲು ಹಾಕುತ್ತೇವೆ. ಒಲೆಯ ಪಕ್ಕ ಕುಳಿತು ನಾನು ಉಲ್ಲನ್ ಬುಟ್ಟಿ ತೆರೆಯುವುದು ಆಗಲೇ. 4 ಮಿ.ಮೀ. ಕಡ್ಡಿಯಲ್ಲಿ 40 ಕುಣಿಕೆ ಹಾಕಿ, ಎಲ್ಲ ಸಾಲನ್ನೂ ಸೀದಾ (ನಿಟ್) ಹೆಣೆಯಿರಿ. ಇಷ್ಟು ಯಾರಿಗೂ ಬರುತ್ತದೆ.

ಕೈಕೊಡುವುದು ಅಂಚು. ಸೀದಾ ಹೆಣಿಗೆಯಲ್ಲಿ ಎರಡು ಸಾಲು ಸೇರಿ ಒಂದು ದಿಣ್ಣೆಯಾಗುತ್ತದೆ. 3.5 ಮಿ.ಮೀ. ಕ್ರೋಶಾ ಕಡ್ಡಿಯಿಂದ ಉದ್ದದ ಬದಿಯಲ್ಲಿ ದಿಣ್ಣೆಗೆ ಒಂದೇ ಗಿಡ್ಡ ಕುಣಿಕೆ (ಸಿಂಗಲ್ ಕ್ರೋಶಾ) ಎಳೆಯಬೇಕು. ಸಾಲಿಗೊಂದು ಎಳೆದರೆ ಅಂಚು ಲಂಗದ ನೆರಿಗೆಯಂತೆ ಅಲೆಯಾಗುತ್ತದೆ; ನನ್ನ ಮೊದಲ ಮಫ್ಲರ್ ಹಾಗೇ ಆಗಿ, ಅತ್ತೆ ಅದನ್ನು ಟೀಪಾಯಿಗೆ ಹೊದಿಸಿದರು! ಅಗಲದ ಬದಿಯಲ್ಲಿ ಕುಣಿಕೆಗೊಂದು, ಮೂಲೆಯಲ್ಲಿ ಮೂರು.

ಮುಂದಿನ ಸುತ್ತು ಚಿಪ್ಪಿನದು: ಒಂದು ಗಿಡ್ಡ ಕುಣಿಕೆ, ಎರಡು ಬಿಟ್ಟು ಒಂದೇ ತೂತಿನಲ್ಲಿ ಐದು ಉದ್ದ ಕುಣಿಕೆ (ಕಡ್ಡಿಗೆ ಮೊದಲು ದಾರ ಒಮ್ಮೆ ಸುತ್ತಿ ಹಾಕುವ ಡಬಲ್ ಕ್ರೋಶಾ), ಮತ್ತೆ ಎರಡು ಬಿಡಿ; ಸುತ್ತಿನ ಕೊನೆಯವರೆಗೂ ಹೀಗೇ. ಇದಕ್ಕೆ ಮೊದಲ ಸುತ್ತಿನ ಗಿಡ್ಡ ಕುಣಿಕೆಗಳ ಒಟ್ಟು ಎಣಿಕೆ ಆರರಿಂದ ಭಾಗವಾಗಬೇಕು.

ಬೂದು ಮಫ್ಲರಿಗೆ ಕಾಫಿ ಹಣ್ಣಿನ ಕೆಂಪು ನನಗಿಷ್ಟ. ಕೆಂಪು ದಾರದ ತುಂಡೊಂದನ್ನು ಮೊದಲೇ ನೀರಿನಲ್ಲಿ ನೆನೆಸಿ, ಬಣ್ಣ ಬಿಡುತ್ತದೆಯೇ ನೋಡಿ. ಒಗೆದ ಮೇಲೆ ತೂಗುಹಾಕದೆ ಚಾಪೆಯ ಮೇಲೆ ಹರಡಿ.