ಉದ್ದನೆಯ ಪಟ್ಟಿ ಕೊರೆಯುವಾಗ ತುದಿ ಕಂಬದ ಎಡಕ್ಕಿರಲಿ

ಪಿಲ್ಲರ್ ಡ್ರಿಲ್‌ನಲ್ಲಿ (ಕಂಬಕ್ಕೆ ಕೂರಿಸಿದ ಕೊರೆಯುವ ಯಂತ್ರ) ಉದ್ದನೆಯ ಪಟ್ಟಿಗೆ ತೂತು ಕೊರೆಯುವಾಗ ಅದರ ಒಂದು ತುದಿ ಯಂತ್ರದ ಎದುರು ನಿಂತಾಗ ಕಾಣುವ ಕಂಬದ ಎಡಬದಿಗೆ ಒತ್ತಿಕೊಂಡಿರುವಂತೆ ಇಟ್ಟು, ಆಮೇಲೆ ಟೇಬಲ್‌ಗೆ ಕ್ಲಾಂಪ್ ಹಾಕಿ. ಮೇಲಿನಿಂದ ನೋಡಿದರೆ ಬಿಟ್ (ತೂತು ಕೊರೆಯುವ ಮೊನೆ) ತಿರುಗುವುದು ಗಡಿಯಾರದ ಮುಳ್ಳಿನ ದಿಕ್ಕಿಗೆ. ತೂತು ಕೆಳಗೆ ಒಡೆಯುವ ಕೊನೆಯ ಕ್ಷಣದಲ್ಲಿ ಬಿಟ್ ಕಚ್ಚಿಕೊಂಡರೆ ಪಟ್ಟಿಯನ್ನೂ ಅದೇ ದಿಕ್ಕಿಗೆ ಎಳೆಯುತ್ತದೆ. ಕ್ಲಾಂಪ್ ಜಾರಿದರೂ ಕಂಬ ತಡೆಯುತ್ತದೆ, ಪಟ್ಟಿ ಗಿರ್ರನೆ ತಿರುಗಿ ನಿಮ್ಮ ಹೊಟ್ಟೆಗೆ ಬಡಿಯುವುದಿಲ್ಲ. ಕಂಬ ಮುಟ್ಟದ ಗಿಡ್ಡ ತುಂಡಿಗೆ ಇದು ನಡೆಯದು. ವೈಸ್‌ನಲ್ಲಿ (ತುಂಡನ್ನು ಬಿಗಿಹಿಡಿಯುವ ಸಾಧನ) ಹಿಡಿದು, ವೈಸನ್ನೇ ಟೇಬಲ್‌ಗೆ ಬೋಲ್ಟ್ ಮಾಡಿ. ತೆಳು ತಗಡಿಗೂ ಸಾಲದು, ಅದು ಬಿಟ್ ಹಿಡಿದು ಮೇಲಕ್ಕೇ ಏರುತ್ತದೆ: ಅಡಿಗೆ ಮರದ ಹಲಗೆ ಕೊಟ್ಟು ಎರಡೂ ಕಡೆ ಬಿಗಿಯಿರಿ. ಗ್ಲೌಸ್ ಮಾತ್ರ ದಯವಿಟ್ಟು ಬೇಡ, ಬಿಟ್ ಅದನ್ನು ಬೆರಳಿನ ಸಮೇತ ಸುತ್ತಿಕೊಳ್ಳುತ್ತದೆ.